ಹಿತ್ತಲಲ್ಲಿ ಬೀಜ ಬೆರಕೆಯಾಗದಂತೆ ನಾನು ಮಾಡಿಕೊಂಡ ದಾರಿ

ಕುಂಬಳ, ಹೀರೆ, ಸೌತೆಗಳ ಬೀಜ ತಳಿಶುದ್ಧವಾಗಿ ಬರಬೇಕಾದರೆ ಅದೇ ಜಾತಿಯ ಬೇರೆ ತಳಿ ಅರ್ಧ ಕಿಲೋಮೀಟರಿನೊಳಗೆ ಇರಬಾರದು ಅಂತಾರೆ, ಜೇನು ಒಂದರ ಪರಾಗದ ಪುಡಿಯನ್ನು ಇನ್ನೊಂದರ ಹೂವಿಗೆ ಒಯ್ದು ಬೆರಕೆ ಮಾಡುತ್ತದಲ್ಲ. ನಮ್ಮ ಹಿತ್ತಲಲ್ಲಿ ಬೇಲಿ ದಾಟಿದರೆ ಪಕ್ಕದ ಮನೆಯವರ ಚಪ್ಪರ. ಅಷ್ಟು ದೂರ ಎಲ್ಲಿಂದ ತರೋಣ? ಅದಕ್ಕೇ ನಾನು ದೂರದ ಲೆಕ್ಕ ಬಿಟ್ಟೆ. ಹೂ ಅರಳುವ ಹೊತ್ತಿನ ಲೆಕ್ಕ ಹಿಡಿದೆ.

ಯಾವುದು ಯಾವುದರ ಜೊತೆ ಬೆರೆಯುತ್ತದೆ ಅಂತ ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಉಳಿಯುತ್ತದೆ. ಸಿಹಿಗುಂಬಳ, ಬೂದುಗುಂಬಳ ಒಂದೇ ಚಪ್ಪರದಲ್ಲಿದ್ದರೂ ಬೆರೆಯುವುದಿಲ್ಲ. ಮುಳ್ಳುಸೌತೆಗೂ ಸಾಂಬಾರ್ ಸೌತೆಗೂ ಸಂಬಂಧವಿಲ್ಲ. ಆದರೆ ಸಾಂಬಾರ್ ಸೌತೆ ಮತ್ತು ಕರಬೂಜ ಒಂದೇ ಜಾತಿ, ಅವೆರಡನ್ನು ಹತ್ತಿರ ಬಿಟ್ಟರೆ ಬೀಜ ಕೆಟ್ಟಿತು ಅಂತಲೇ ಲೆಕ್ಕ. ಇನ್ನು, ಪಕ್ಕದಲ್ಲಿ ಹಾಗಲ ಇದ್ದದ್ದಕ್ಕೆ ಸೌತೆ ಕಹಿಯಾಯಿತು ಅನ್ನುವವರಿದ್ದಾರೆ. ಹಾಗಲ ಸೌತೆಯ ಜೊತೆ ಬೆರೆಯುವುದೇ ಇಲ್ಲ. ಬೆರಕೆ ಆದರೂ ಈ ವರ್ಷದ ಕಾಯಿಯ ರುಚಿ ಬದಲಾಗುವುದಿಲ್ಲ, ಒಳಗಿನ ಬೀಜ ಬಿತ್ತಿದಾಗ ಮಾತ್ರ ಗೊತ್ತಾಗುತ್ತದೆ.

ನನಗೆ ಜಾಸ್ತಿ ಕೆಲಸ ಕೊಡುವುದು ಸಿಹಿಗುಂಬಳ. ಅದರ ಹೂ ನಸುಕಿನಲ್ಲೇ ಅರಳುತ್ತದೆ, ಬಿಸಿಲೇರುವಾಗ ಮುದುಡುತ್ತದೆ. ನಾನು ಹಿಂದಿನ ಸಂಜೆಯೇ ಬಳ್ಳಿ ನೋಡುತ್ತೇನೆ. ನಾಳೆ ಅರಳುವ ಮೊಗ್ಗಿನ ತುದಿ ಹಳದಿ ತಿರುಗಿರುತ್ತದೆ. ಬುಡದಲ್ಲಿ ಪುಟ್ಟ ಮಿಡಿ ಇದ್ದರೆ ಹೆಣ್ಣು ಹೂ. ಅಂಥ ಒಂದು ಹೆಣ್ಣು, ಎರಡು ಮೂರು ಗಂಡು ಮೊಗ್ಗುಗಳ ತುದಿಗೆ ಬಟ್ಟೆ ಕ್ಲಿಪ್ ಹಾಕುತ್ತೇನೆ. ಗಂಡು ಹೂ ಅದೇ ತಳಿಯ ಬೇರೆ ಬಳ್ಳಿಯದಾದರೆ ಒಳ್ಳೆಯದು. ಬೆಳಿಗ್ಗೆ ಜೇನು ಬರುವ ಮೊದಲೇ ಹೋಗಿ ಗಂಡು ಹೂ ಕಿತ್ತು, ಎಸಳು ಹರಿದು ತೆಗೆದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಚೆನ್ನಾಗಿ ಸವರುತ್ತೇನೆ. ಕೂಡಲೇ ಹೆಣ್ಣು ಹೂವಿನ ಎಸಳು ಮತ್ತೆ ಮುಚ್ಚಿ ಬಾಳೆನಾರಿನಿಂದ ಕಟ್ಟಬೇಕು. ತೊಟ್ಟಿಗೆ ಕೆಂಪು ಉಲ್ಲನ್ ದಾರ. ಆ ಗುರುತು ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಹುಳಿಗೆ ಹೆಚ್ಚಿಬಿಡುತ್ತಾರೆ, ಅಲ್ವಾ? ಬಳ್ಳಿಯಲ್ಲಿ ಮೊದಲೇ ಕಚ್ಚಿದ ಕಾಯಿಗಳಿದ್ದರೆ ಕಿತ್ತು ಅಡುಗೆಗೆ ಕೊಡುತ್ತೇನೆ. ಇಲ್ಲದಿದ್ದರೆ ಬಳ್ಳಿ ಹೊಸ ಮಿಡಿಯನ್ನು ಉದುರಿಸುವುದೇ ಹೆಚ್ಚು. ಮಳೆ ಸುರಿದ ಬೆಳಿಗ್ಗೆ ಈ ಕೆಲಸಕ್ಕೆ ಹೋಗುವುದೇ ಇಲ್ಲ, ಪುಡಿ ನೆನೆದಿರುತ್ತದೆ.

ಹೀರೆ, ಸೋರೆಗಳ ಹೊತ್ತು ಬೇರೆ. ಅವು ಅರಳುವುದು ಸಂಜೆ. ಹಾಗಾಗಿ ಮಧ್ಯಾಹ್ನವೇ ಮೊಗ್ಗು ಕಟ್ಟಿ, ಸಂಜೆ ಹೂ ಮುಟ್ಟಿಸುತ್ತೇನೆ. ತುಪ್ಪದ ಹೀರೆ ಮಾತ್ರ ಬೆಳಿಗ್ಗೆ ಅರಳುತ್ತದೆ.

ಬೆಂಡೆಗೆ ಇಷ್ಟೆಲ್ಲ ಬೇಡ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತದೆ, ತಾನೇ ಕಾಯಿ ಕಟ್ಟುತ್ತದೆ. ಆದರೂ ಹೂ ದೊಡ್ಡದು, ಜೇನು ಬರುತ್ತದೆ. ನಮ್ಮಲ್ಲಿ ಹಾಲುಬೆಂಡೆ, ಕೆಂಪುಬೆಂಡೆ ಎರಡೂ ಇರುವುದರಿಂದ ಮೊಗ್ಗಿನ ತುದಿಯನ್ನು ಹಿಂದಿನ ಸಂಜೆ ಹೊಲಿಗೆ ದಾರದಿಂದ ಸುತ್ತುತ್ತೇನೆ. ಬಾಡಿದ ಎಸಳಿನ ಜೊತೆ ಆ ದಾರವೂ ಉದುರುತ್ತದೆ, ಹಾಗಾಗಿ ತೊಟ್ಟಿನ ಗುರುತು ಬೇರೆಯೇ ಬೇಕು.

ಬದನೆ, ಮೆಣಸಿಗೆ ಹಳೆಯ ಸೊಳ್ಳೆಪರದೆಯ ಚೀಲ. ಅರಳಿದ ಹೂ, ಕಟ್ಟಿದ ಕಾಯಿ ಎಲ್ಲ ತೆಗೆದು, ಬರೀ ಮೊಗ್ಗಿರುವ ರೆಂಬೆಗೆ ಚೀಲ ತೊಡಿಸುತ್ತೇನೆ. ದಿನಾ ಬೆಳಿಗ್ಗೆ ರೆಂಬೆಯನ್ನು ಬೆರಳಿಂದ ತಟ್ಟಬೇಕು, ಒಳಗೆ ಜೇನಿಲ್ಲವಲ್ಲ. ಮಿಡಿ ಕಚ್ಚಿದ ಮೇಲೆ ಚೀಲ ಬಿಚ್ಚಿ ದಾರ ಕಟ್ಟಿದರಾಯಿತು. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಒಳಗೆ ಬೆವತು ಹೂ ಕೊಳೆಯುತ್ತದೆ.

ಟೊಮೆಟೊ, ಬೀನ್ಸ್, ಅಲಸಂದೆಗೆ ನಾನೇನೂ ಕಟ್ಟುವುದಿಲ್ಲ. ತಳಿಗಳನ್ನು ಸ್ವಲ್ಪ ದೂರ ದೂರ ನೆಟ್ಟರೆ ಮನೆ ಮಟ್ಟಿಗೆ ಸಾಕು. ಮೂಲಂಗಿಗೆ ಮಾತ್ರ ಈ ಯಾವ ಉಪಾಯವೂ ನಡೆಯುವುದಿಲ್ಲ. ತನ್ನದೇ ಪುಡಿಯನ್ನು ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ, ಒಂದೆರಡು ಗಿಡ ಮುಚ್ಚಿಟ್ಟರೆ ಕಾಯಿ ಕಟ್ಟುವುದೇ ಕಷ್ಟ. ಹಾಗಾಗಿ ಬೀಜಕ್ಕೆ ಬಿಟ್ಟ ವರ್ಷ ಒಂದೇ ತಳಿಯ ಒಂದು ಮಡಿ ಇಡೀ ಹೂ ಬಿಡಲಿ ಅಂತ ಸುಮ್ನೆ ಬಿಡುತ್ತೇನೆ. ಬೇರೆ ಮೂಲಂಗಿ ಹೂ ಬಿಡುವ ಮೊದಲೇ ಕಿತ್ತು ಸಾರಿಗೆ ಹಾಕುತ್ತೇವೆ.