ಕ್ಲಿನಿಕಲ್ ಟ್ರಯಲ್‌ಗೆ ಸಹಿ ಹಾಕುವ ಮುನ್ನ ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಹೊಸ ಔಷಧಿಯ ಪ್ರಯೋಗಕ್ಕೆ ಸೇರುತ್ತೀರಾ ಎಂದು ವೈದ್ಯರು ಕೇಳಿದಾಗ ಮನಸ್ಸಿಗೆ ಮೊದಲು ಬರುವ ಪ್ರಶ್ನೆ, ‘ಔಷಧಿಗೆ ದುಡ್ಡು ಕೊಡಬೇಕಾ?’ ಸಾಮಾನ್ಯವಾಗಿ ಕೊಡಬೇಕಿಲ್ಲ, ಪ್ರಯೋಗದ ಔಷಧಿಯನ್ನು ಪ್ರಾಯೋಜಕ ಕಂಪನಿ ಅಥವಾ ಸಂಸ್ಥೆಯೇ ಒದಗಿಸುತ್ತದೆ. ಅಲ್ಲಿಗೆ ಮಾತು ಮುಗಿಯಿತೆಂದು ಸಹಿ ಹಾಕಿದವರಿಗೆ ಓಡಾಟದ ಖರ್ಚು, ಕೆಲಸಕ್ಕೆ ಹಾಕಿದ ರಜೆ, ಜೊತೆಗೆ ಬರುವವರ ದಿನಗಳು ಎರಡು ಮೂರು ತಿಂಗಳಾದ ಮೇಲೆ ಭಾರವಾಗತೊಡಗುತ್ತವೆ. ಈ ಲೆಕ್ಕವನ್ನು ಮೊದಲೇ ಹಾಕಬಹುದು. ಬೇಕಾದ ಕಾಗದಗಳೆಲ್ಲ ಕೇಳಿದರೆ ಸಿಗುತ್ತವೆ.

ಮೊದಲು ಭೇಟಿಗಳ ಪಟ್ಟಿ ಕೇಳಿ

ಪ್ರತಿ ಅಧ್ಯಯನದ ಪ್ರೋಟೊಕಾಲ್‌ನಲ್ಲಿ, ಅಂದರೆ ಪ್ರಯೋಗ ಹೇಗೆ ನಡೆಯಬೇಕೆಂದು ಬರೆದಿಟ್ಟ ಯೋಜನೆಯಲ್ಲಿ, ಒಂದು ಕೋಷ್ಟಕ ಇರುತ್ತದೆ. ಯಾವ ವಾರ ಆಸ್ಪತ್ರೆಗೆ ಬರಬೇಕು, ಅಂದು ಯಾವ ಪರೀಕ್ಷೆ, ಖಾಲಿ ಹೊಟ್ಟೆಯಲ್ಲಿ ಬರಬೇಕೇ ಎಂಬುದೆಲ್ಲ ಅದರಲ್ಲಿದೆ. ಒಪ್ಪಿಗೆ ಪತ್ರದಲ್ಲಿ ಇದರ ಸಾರಾಂಶವಷ್ಟೇ ಇದ್ದರೆ ಪೂರ್ತಿ ಪಟ್ಟಿಯನ್ನು ಅಧ್ಯಯನದ ಕೋಆರ್ಡಿನೇಟರ್ ಬಳಿ ಕೇಳಿ.

ಉದಾಹರಣೆಗೆ ಒಂದು ವರ್ಷದ ಅಧ್ಯಯನ ಎನ್ನಿ. ಸೇರಲು ಅರ್ಹರೇ ಎಂದು ನೋಡುವ ಸ್ಕ್ರೀನಿಂಗ್‌ಗೆ 2 ಭೇಟಿ. ಔಷಧಿ ಶುರುವಾದ ದಿನದಿಂದ 8ನೇ ವಾರದವರೆಗೆ ಎರಡು ವಾರಕ್ಕೊಮ್ಮೆ, ಅಂದರೆ 5. ಆಮೇಲೆ 52ನೇ ವಾರದವರೆಗೆ ನಾಲ್ಕು ವಾರಕ್ಕೊಮ್ಮೆ, ಅದು 11. ಔಷಧಿ ನಿಂತ ಮೇಲೆ ಒಂದು ತಪಾಸಣೆ. ಒಟ್ಟು 19. ಜೊತೆಗೆ ಒಬ್ಬರು ಬರಲೇಬೇಕು ಎಂದಾದರೆ ಮನೆಯಿಂದ 38 ಆಳುದಿನ ಹೋಯಿತು. ಅಡ್ಡಪರಿಣಾಮ ಕಂಡರೆ, ರಕ್ತಪರೀಕ್ಷೆ ಮತ್ತೆ ಮಾಡಬೇಕಾದರೆ ಪಟ್ಟಿಯಲ್ಲಿಲ್ಲದ ಭೇಟಿಗಳೂ ಸೇರಿಕೊಳ್ಳುತ್ತವೆ. ಅದಕ್ಕೆಂದು ಎರಡು ಮೂರು ಭೇಟಿ ಕೂಡಿಸಿಟ್ಟುಕೊಳ್ಳಿ.

ಎಲ್ಲ ಭೇಟಿಗಳೂ ಒಂದೇ ಉದ್ದದವಲ್ಲ. ಔಷಧಿ ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡುವ ದಿನ, ಗುಳಿಗೆ ನುಂಗಿದ ಅರ್ಧ ಗಂಟೆಗೆ, 1, 2, 4, 8 ಗಂಟೆಗೆ ಹೀಗೆ ಮತ್ತೆ ಮತ್ತೆ ರಕ್ತ ತೆಗೆಯುವುದುಂಟು. ಅಂದು ಬೆಳಗ್ಗೆ ಹೋದವರು ಹೊರಬರುವುದು ಸಂಜೆಗೆ. ದೂರದವರಾದರೆ ಹಿಂದಿನ ರಾತ್ರಿಯೇ ಬಂದು ತಂಗಬೇಕು. ಇಂಥ ದಿನಗಳಿಗೆ ಪಟ್ಟಿಯಲ್ಲಿ ಬೇರೆ ಬಣ್ಣ ಹಚ್ಚಿ. ಭೇಟಿಯ ದಿನಾಂಕಕ್ಕೆ ಹಿಂದೆ ಮುಂದೆ ಎಷ್ಟು ದಿನದ ಸಡಿಲಿಕೆ ಇದೆ ಎಂಬುದೂ ಅದೇ ಕೋಷ್ಟಕದಲ್ಲಿರುತ್ತದೆ. ಮೂರು ದಿನ ಆಚೀಚೆ ಆಗಬಹುದು ಎಂದಿದ್ದರೆ ರಜೆಯ ದಿನಕ್ಕೆ ಹೊಂದಿಸಿಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳಲಿಕ್ಕಿಲ್ಲ.

ಯಾವುದು ಅಧ್ಯಯನದ ಖರ್ಚು, ಯಾವುದು ನಿಮ್ಮದು?

ಗೊಂದಲವೆಲ್ಲ ಇಲ್ಲೇ. ಅಧ್ಯಯನಕ್ಕೆಂದೇ ಮಾಡುವ ಪರೀಕ್ಷೆ ಒಂದು ಬಗೆ. ಅಧ್ಯಯನಕ್ಕೆ ಸೇರದಿದ್ದರೂ ಕಾಯಿಲೆಗೆ ಬೇಕಾಗುತ್ತಿದ್ದ ಚಿಕಿತ್ಸೆ ಇನ್ನೊಂದು ಬಗೆ. ಮೊದಲನೆಯದನ್ನು ಪ್ರಾಯೋಜಕರು ಭರಿಸುತ್ತಾರೆ, ಎರಡನೆಯದು ಬಹಳಷ್ಟು ಕಡೆ ರೋಗಿಗೆ ಅಥವಾ ಅವರ ವಿಮೆಗೆ ಬೀಳುತ್ತದೆ. ಗಡ್ಡೆಯ ಗಾತ್ರ ನೋಡಲು 12 ವಾರಕ್ಕೊಮ್ಮೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಿದ್ದವರಿಗೆ ಅಧ್ಯಯನ 6 ವಾರಕ್ಕೊಮ್ಮೆ ಎಂದರೆ, ನಡುವಿನ ಸ್ಕ್ಯಾನ್ ಅಧ್ಯಯನದ ಲೆಕ್ಕಕ್ಕೆ, ಮಿಕ್ಕದ್ದು ನಿಮ್ಮ ಲೆಕ್ಕಕ್ಕೆ ಬರಬಹುದು. ಹೊಸ ಔಷಧಿಯ ಜೊತೆ ಕೊಡುವ ಹಳೆಯ ಕಿಮೊ ಔಷಧಿ ಯಾರ ಲೆಕ್ಕಕ್ಕೆ ಎಂಬುದನ್ನು ಬಿಡಿಸಿ ಕೇಳಿ. ಕೋಷ್ಟಕದ ಪ್ರತಿ ಪರೀಕ್ಷೆಯ ಮುಂದೆ ‘ಅಧ್ಯಯನ’ ಅಥವಾ ‘ನಾನು’ ಎಂದು ಕೋಆರ್ಡಿನೇಟರ್ ಎದುರಿಗೇ ಬರೆದುಕೊಳ್ಳುವುದು ಒಳ್ಳೆಯ ದಾರಿ.

ವಿಮೆ ಇದ್ದರೆ ಕಂಪನಿಗೆ ಬರೆದು ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಅಧ್ಯಯನಕ್ಕೆ ಸೇರಿದ ಕಾರಣಕ್ಕೆ ಮಾಮೂಲಿ ಚಿಕಿತ್ಸೆಯ ವೆಚ್ಚವನ್ನು ನಿರಾಕರಿಸದಂತೆ ಅಮೆರಿಕದಲ್ಲಿ ಬಹುತೇಕ ಖಾಸಗಿ ವಿಮೆಗಳಿಗೆ 2014ರಿಂದ, ಬಡವರ ಮೆಡಿಕೇಡ್ ಯೋಜನೆಗೆ 2022ರಿಂದ ಕಾನೂನು ಇದೆ. ಇಂಥ ಕಾನೂನು ಇಲ್ಲದ ಕಡೆ ಪಾಲಿಸಿಯಲ್ಲಿ ‘ಪ್ರಾಯೋಗಿಕ ಚಿಕಿತ್ಸೆಗೆ ಅನ್ವಯಿಸದು’ ಎಂಬ ಸಾಲು ಇದೆಯೇ ನೋಡಿ.

ಒಪ್ಪಿಗೆ ಪತ್ರದ ಹಣದ ಸಾಲುಗಳು

ಅಂತರರಾಷ್ಟ್ರೀಯ ‘ಗುಡ್ ಕ್ಲಿನಿಕಲ್ ಪ್ರಾಕ್ಟೀಸ್’ ಮಾರ್ಗಸೂಚಿ 1996ರಲ್ಲಿ ಬಂದಾಗಲೇ, ಭಾಗವಹಿಸುವವರಿಗೆ ಬರಬಹುದಾದ ಖರ್ಚು, ಸಿಗುವ ಹಣ, ಹಾನಿಯಾದರೆ ಸಿಗುವ ಚಿಕಿತ್ಸೆ ಮತ್ತು ಪರಿಹಾರ ಇವೆಲ್ಲ ಒಪ್ಪಿಗೆ ಪತ್ರದಲ್ಲಿ ಇರಬೇಕೆಂದು ಹೇಳಿತು. ಹಣವನ್ನು ಅಧ್ಯಯನ ಪೂರ್ತಿ ಮುಗಿಸಿದವರಿಗಷ್ಟೇ ಎಂದು ಕಟ್ಟಿಹಾಕಬಾರದು, ಮುಗಿದಷ್ಟು ಭಾಗಕ್ಕೆ ಕೊಡುತ್ತಾ ಹೋಗಬೇಕು ಎಂಬುದೂ ಅದರಲ್ಲಿದೆ.

‘ಪ್ರಯಾಣ ವೆಚ್ಚ ಭರಿಸಲಾಗುವುದು’ ಎಂಬ ಒಂದು ಸಾಲು ಸಾಲದು. ಬಸ್ಸಿಗೋ, ಟ್ಯಾಕ್ಸಿಗೋ? ಜೊತೆಗೆ ಬಂದವರಿಗೂ ಇದೆಯೇ? ಅದೇ ದಿನ ಕೊಡುತ್ತಾರೋ, ರಸೀದಿ ಕೊಟ್ಟ ಮೇಲೆ ವಾರಗಟ್ಟಲೆ ಕಾಯಬೇಕೋ? ಮುಂಗಡ ಕೊಡುತ್ತಾರೆಯೇ? ಕೈಯಿಂದ ಹಾಕಿ ಆಮೇಲೆ ಪಡೆಯುವ ವ್ಯವಸ್ಥೆ ಬಡವರನ್ನೇ ಮೊದಲು ಹೊರಗಿಡುತ್ತದೆ. ಆದ್ದರಿಂದ ಮುಂಗಡ ಕೇಳುವುದರಲ್ಲಿ ತಪ್ಪಿಲ್ಲ. ಸ್ಕ್ರೀನಿಂಗ್‌ನಲ್ಲಿ ಅನರ್ಹರಾದವರಿಗೆ ಅಂದಿನ ಖರ್ಚು ಸಿಗುತ್ತದೆಯೇ ಎಂದೂ ಕೇಳಿ. ಖರ್ಚು ವಾಪಸ್ ಮಾಡುವುದೇ ಬೇರೆ, ಸಮಯಕ್ಕೆಂದು ಕೊಡುವ ಹಣವೇ ಬೇರೆ. ಎರಡನೆಯದನ್ನು ಕೆಲವು ದೇಶಗಳಲ್ಲಿ ಆದಾಯವೆಂದು ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಬೀಳುವ ಮೊದಲು ಅಧ್ಯಯನಕ್ಕೆಂದೇ ಇರುವ ಪರೀಕ್ಷೆ ಮಾಡುವಂತಿಲ್ಲ. ಮೊದಲು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಂಡು ಬನ್ನಿ ಎಂದರೆ ಕಾರಣ ಕೇಳಿ. ಸೇರಲು ದೊಡ್ಡ ಮೊತ್ತದ ಶುಲ್ಕ ಕಟ್ಟಿ ಎಂದರಂತೂ ಭಾಗವಹಿಸುವವರ ಹಿತ ಕಾಯಲು ಅಧ್ಯಯನವನ್ನು ಪರಿಶೀಲಿಸುವ ನೈತಿಕ ಸಮಿತಿಗೆ, ಒಪ್ಪಿಗೆ ಪತ್ರದಲ್ಲಿರುವ ಅದರ ಫೋನ್ ಸಂಖ್ಯೆಗೆ ಕರೆ ಮಾಡಿ ವಿಚಾರಿಸದೆ ಮುಂದೆ ಹೋಗಬೇಡಿ. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಂಥ ನೋಂದಣಿ ತಾಣದಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆ ಅಧ್ಯಯನವನ್ನು ಸರ್ಕಾರ ಪರಿಶೀಲಿಸಿ ಒಪ್ಪಿದೆ ಎಂದರ್ಥವಲ್ಲ.

ಹಾನಿಯಾದರೆ

ಎಲ್ಲಕ್ಕಿಂತ ದೊಡ್ಡ ಮೊತ್ತ ಇಲ್ಲಿರುವುದರಿಂದ ಈ ಪುಟವನ್ನು ಎರಡು ಸಲ ಓದಿ. ಭಾರತದ 2019ರ ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಹಾನಿಯಾದವರಿಗೆ ಅಗತ್ಯ ಇರುವವರೆಗೆ, ಇಲ್ಲವೇ ಹಾನಿಗೆ ಪ್ರಯೋಗ ಕಾರಣವಲ್ಲ ಎಂದು ಸಾಬೀತಾಗುವವರೆಗೆ ಉಚಿತ ಚಿಕಿತ್ಸೆ ಕೊಡಬೇಕು. ಪ್ರಯೋಗವೇ ಕಾರಣವಾದರೆ ಪರಿಹಾರವೂ ಉಂಟು. ಎಲ್ಲ ದೇಶಗಳಲ್ಲೂ ಹೀಗಿಲ್ಲ. ‘ಚಿಕಿತ್ಸೆ ಲಭ್ಯವಿರುತ್ತದೆ’ ಎಂದು ಬರೆದಿದ್ದರೆ ಹಣ ಯಾರದ್ದು ಎಂಬುದು ಅದರಲ್ಲಿ ಇಲ್ಲ, ಗಮನಿಸಿ. ರಾತ್ರಿ ಹೊತ್ತು ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಆ ಬಿಲ್ ಯಾರು ಕಟ್ಟುತ್ತಾರೆ ಎಂದು ಈಗಲೇ ಕೇಳಿ. ಅಧ್ಯಯನದ ಹೆಸರು, ತುರ್ತು ಸಂಖ್ಯೆ ಇರುವ ಕಾರ್ಡ್ ಸದಾ ಜೇಬಿನಲ್ಲಿರಲಿ.

ರಸೀದಿ ಮತ್ತು ತಪ್ಪು ಬಿಲ್

ಬಸ್ಸು, ಪಾರ್ಕಿಂಗ್, ಪೆಟ್ರೋಲ್ ಬಂಕ್‌ಗಳ ಯಂತ್ರ ಕೊಡುವ ನುಣುಪು ಕಾಗದದ ರಸೀದಿಯಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಲೇಪ ಬಿಸಿಗೆ ಕಪ್ಪಾಗಿ ಅಕ್ಷರ ಮೂಡಿರುತ್ತದೆ. ಪರ್ಸಿನಲ್ಲಿ, ಬಿಸಿಲಿನ ಕಾರಿನಲ್ಲಿ ಕೆಲವು ವಾರ ಇದ್ದರೆ ಮೊತ್ತ ಮಾಸಿ ಹೋಗಿ, ಖಾಲಿ ಚೀಟಿ ಉಳಿಯುತ್ತದೆ. ಕೈಗೆ ಬಂದ ತಕ್ಷಣ ಫೋಟೊ ತೆಗೆದು, ಹಿಂಬದಿಯಲ್ಲಿ ಭೇಟಿಯ ಸಂಖ್ಯೆ ಬರೆಯಿರಿ.

ಅಧ್ಯಯನದ ರಕ್ತಪರೀಕ್ಷೆಯ ಬಿಲ್ ನಿಮ್ಮ ಹೆಸರಿಗೆ ಬರುವುದೂ ಉಂಟು. ಲ್ಯಾಬ್ ಚೀಟಿಯಲ್ಲಿ ಅಧ್ಯಯನದ ಕೋಡ್ ನಮೂದಿಸದಿದ್ದರೆ ಬಿಲ್ಲಿಂಗ್ ವಿಭಾಗಕ್ಕೆ ಅದು ಮಾಮೂಲಿ ಪರೀಕ್ಷೆಯಾಗಿಯೇ ಕಾಣುತ್ತದೆ. ಹಣ ಕಟ್ಟುವ ಮೊದಲು ಬಿಲ್ಲನ್ನು ಕೋಷ್ಟಕದ ಜೊತೆ ಹೋಲಿಸಿ ಕೋಆರ್ಡಿನೇಟರ್‌ಗೆ ಕಳುಹಿಸಿ. ಒಮ್ಮೆ ಕಟ್ಟಿಬಿಟ್ಟರೆ ವಾಪಸ್ ಪಡೆಯುವುದು ತಿಂಗಳುಗಳ ಕೆಲಸ.

ಅಧ್ಯಯನದಿಂದ ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕೆ ದಂಡವಿಲ್ಲ. ಆದರೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಅಧ್ಯಯನ ಮುಗಿದರೆ ಮುಂದಿನ ತಿಂಗಳ ಗುಳಿಗೆ ಎಲ್ಲಿಂದ ಬರಬೇಕು, ಅದರ ಬೆಲೆ ಯಾರು ಕೊಡಬೇಕು ಎಂಬ ಪ್ರಶ್ನೆ ಇದ್ದೇ ಇದೆ. ಅದನ್ನು ಕೇಳಬೇಕಾದ್ದು 52ನೇ ವಾರದಲ್ಲಲ್ಲ, ಮೊದಲ ಗುಳಿಗೆ ನುಂಗುವ ಮುನ್ನ.