ಎಕ್ಸ್‌ಬಿಎ-1 ಪ್ಲಾಸ್ಮಿಡನ್ನು ಕತ್ತರಿಸದಿದ್ದಾಗ

ಜೀನೊಂದನ್ನು ಬೇರೆ ಪ್ಲಾಸ್ಮಿಡ್‌ಗೆ (ಬ್ಯಾಕ್ಟೀರಿಯಾದೊಳಗಿನ ಪುಟ್ಟ ಡಿಎನ್‌ಎ ಉಂಗುರಕ್ಕೆ) ವರ್ಗಾಯಿಸಲು ಇಕೋಆರ್-1 ಮತ್ತು ಎಕ್ಸ್‌ಬಿಎ-1 ಎಂಬ ರೆಸ್ಟ್ರಿಕ್ಷನ್ ಕಿಣ್ವಗಳನ್ನು (ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವಂಥವು) ಒಟ್ಟಿಗೆ ಬಳಸಿದಾಗ, ಡಿಎನ್‌ಎ ತುಂಡುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಎರಡು ಪಟ್ಟಿಗಳು ಕಾಣಬೇಕಾದಲ್ಲಿ ಒಂದೇ ಕಾಣುತ್ತಿತ್ತು. ಇಕೋಆರ್-1 ತನ್ನ ಜಾಗದಲ್ಲಿ ಕತ್ತರಿಸುತ್ತಿತ್ತು. ಎಕ್ಸ್‌ಬಿಎ-1ರ ಹೊಸ ಸೀಸೆ, ಹೊಸ ಬಫರ್, ಹೆಚ್ಚಿನ ಅವಧಿ ಯಾವುದೂ ಫಲ ಕೊಡಲಿಲ್ಲ.

ಕಾರಣ ಸಿಕ್ಕಿದ್ದು ಡಿಎನ್‌ಎ ಅನುಕ್ರಮದಲ್ಲಿ. ಎಕ್ಸ್‌ಬಿಎ-1 ಗುರುತಿಸುವುದು ಟಿಸಿಟಿಎಜಿಎ ಎಂಬ ಆರು ಅಕ್ಷರಗಳನ್ನು; ಈ ಪ್ಲಾಸ್ಮಿಡ್‌ನಲ್ಲಿ ಅದರ ಬೆನ್ನಿಗೇ ಟಿಸಿ ಇದ್ದುದರಿಂದ ಕೊನೆಯ ನಾಲ್ಕು ಅಕ್ಷರಗಳು ಜಿಎಟಿಸಿ ಆಗಿದ್ದವು. ಪ್ಲಾಸ್ಮಿಡನ್ನು ಬೆಳೆಸುವ ಸಾಮಾನ್ಯ ಇ. ಕೋಲಿ ಬ್ಯಾಕ್ಟೀರಿಯಾ ತಳಿಗಳಲ್ಲಿರುವ ಡ್ಯಾಮ್ ಎಂಬ ಕಿಣ್ವವು ಜಿಎಟಿಸಿಯ ಎ ಅಕ್ಷರವಾದ ಅಡೆನಿನ್‌ಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪನ್ನು ಜೋಡಿಸುತ್ತದೆ, ಆ ಗುಂಪು ಇದ್ದಲ್ಲಿ ಎಕ್ಸ್‌ಬಿಎ-1 ಕೆಲಸ ಮಾಡದು. ಬ್ಯಾಕ್ಟೀರಿಯಾಗಳು ತಮ್ಮದೇ ಕತ್ತರಿಸುವ ಕಿಣ್ವಗಳಿಂದ ತಮ್ಮ ಡಿಎನ್‌ಎಯನ್ನು ಕಾಪಾಡಿಕೊಳ್ಳುವುದೂ ಇಂಥ ಮೀಥೈಲ್ ಗುಂಪುಗಳಿಂದಲೇ.

ಹೀಗಾಗಿ ಪ್ಲಾಸ್ಮಿಡನ್ನು ಡ್ಯಾಮ್ ಇಲ್ಲದ ಇ. ಕೋಲಿ ತಳಿಯಲ್ಲಿ ಬೆಳೆಸಿ, ಮತ್ತೆ ಶುದ್ಧೀಕರಿಸಿದೆ. ಮೀಥೈಲ್ ಇರುವ ಜಿಎಟಿಸಿಯನ್ನಷ್ಟೇ ಕತ್ತರಿಸುವ ಡಿಪಿಎನ್-1 ಹಾಕಿ ನೋಡಿದಾಗ ಹಳೆಯ ಡಿಎನ್‌ಎ ಚೂರಾಯಿತು, ಹೊಸದು ಹಾಗೆಯೇ ಉಳಿಯಿತು. ನನ್ನ ಮಟ್ಟಿಗೆ, ಹೊಸ ಕಿಣ್ವಕ್ಕೆ ಹಣ ಸುರಿಯುವ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಎಕ್ಸ್‌ಬಿಎ-1 ಈಗ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಲೀಸಾಗಿ ಕತ್ತರಿಸಿ, ಎರಡೂ ಪಟ್ಟಿಗಳು ಸ್ಪಷ್ಟವಾಗಿ ಬಂದವು. ಡ್ಯಾಮ್ ಇಲ್ಲದ ತಳಿಗಳಲ್ಲಿ ಡಿಎನ್‌ಎ ರೂಪಾಂತರಗಳು (ಮ್ಯುಟೇಶನ್) ಹೆಚ್ಚಾಗುವುದರಿಂದ, ಕಾಯಂ ಸಂಗ್ರಹಕ್ಕೆ ಸಾಮಾನ್ಯ ತಳಿಯನ್ನೇ ಉಳಿಸಿಕೊಂಡಿದ್ದೇನೆ.