ಕೆಂಚಿಗೆ ರಕ್ತಭೇದಿ ಆದಾಗ ನಾನು ಮಾಡಿದ್ದು

ಬೆಳಿಗ್ಗೆ ಕೋಳಿ ಒಡ್ಡಿಯ ಬಾಗಿಲು ತೆಗೆದ ಕೂಡಲೇ ಎಲ್ಲಕ್ಕಿಂತ ಮೊದಲು ಹೊರಗೆ ಹಾರುವವಳು ನಮ್ಮ ಕೋಳಿಮರಿ ಕೆಂಚಿ. ಅವತ್ತು ಬರಲಿಲ್ಲ. ಬಗ್ಗಿ ನೋಡಿದರೆ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು, ರೆಕ್ಕೆ ಜೋತುಬಿಟ್ಟು, ಕಣ್ಣು ಅರ್ಧ ಮುಚ್ಚಿ ನಿಂತಿದ್ದಳು. ಆಗ ಅವಳಿಗೆ ಮೂರು ತಿಂಗಳೂ ತುಂಬಿರಲಿಲ್ಲ. ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಒಂದು ಹುಂಜ, ಒಂದು ತಾಯಿಕೋಳಿ, ಅದರ ಒಂಬತ್ತು ಮರಿಗಳು. ಜುಲೈ ತಿಂಗಳು, ಹತ್ತು ದಿನದಿಂದ ಮಳೆ ಬಿಟ್ಟಿರಲಿಲ್ಲ.

"ಕೊಕ್ಕರೆ ರೋಗ ಇರ್ಬೇಕು ಕಣೆ, ಉಳಿಯಲ್ಲ" ಅಂದರು ಅತ್ತೆ. ಅವರು ಹಿಂದೆ ಒಂದೇ ವಾರದಲ್ಲಿ ಇಡೀ ಒಡ್ಡಿ ಖಾಲಿ ಆಗಿದ್ದನ್ನು ಕಂಡವರು. ಆದರೆ ನನಗೆ ಹಾಗನ್ನಿಸಲಿಲ್ಲ. ಕೊಕ್ಕರೆ ರೋಗ ಅಂದರೆ ರಾಣಿಖೇತ್. ಅದರಲ್ಲಿ ಕೋಳಿಗಳು ಬಾಯಿ ತೆರೆದು ಉಸಿರಾಡುತ್ತವೆ, ಹಸಿರು ಬಿಳಿ ಭೇದಿ ಆಗುತ್ತದೆ, ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ. ಕೆಂಚಿಯ ಉಸಿರು ಸರಿಯಾಗಿತ್ತು, ಕತ್ತು ನೆಟ್ಟಗಿತ್ತು. ಮರಿ ಇದ್ದಾಗಲೇ ಕಣ್ಣಿಗೆ ಲಸಿಕೆ ಹನಿ ಹಾಕಿಸಿದ್ದೆ ಬೇರೆ.

ಅವಳನ್ನು ಎತ್ತಿ ಒಂದು ಒಣ ಅಡಿಕೆ ಹಾಳೆಯ ಮೇಲೆ ಬಿಟ್ಟು ಕಾದೆ. ಹಾಳೆ ಬಿಳಿ, ಅದರ ಮೇಲೆ ಬಿದ್ದದ್ದು ಚೆನ್ನಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಹಿಕ್ಕೆ ಹಾಕಿದಳು. ನೀರು ನೀರು, ನಡುವೆ ಲೋಳೆ, ಲೋಳೆಯ ಜೊತೆ ಹಸಿ ರಕ್ತ. ಹಾಳೆಯನ್ನು ಓರೆ ಮಾಡಿದರೆ ಕೆಂಪು ಗೆರೆಯಾಗಿ ಹರಿಯಿತು. ಇಲ್ಲಿ ಒಂದು ಮಾತು ಹೇಳಬೇಕು. ಆರೋಗ್ಯವಾಗಿರುವ ಕೋಳಿಯೂ ಆಗಾಗ ಕಂದು ಬಣ್ಣದ, ಅಂಟಂಟಾದ, ಕೆಟ್ಟ ವಾಸನೆಯ ಹಿಕ್ಕೆ ಹಾಕುತ್ತದೆ. ಅದಕ್ಕೆ ಹೆದರಬೇಕಿಲ್ಲ. ಹಸಿ ರಕ್ತ ಬೇರೆ, ಒಮ್ಮೆ ನೋಡಿದರೆ ಮತ್ತೆ ಗೊಂದಲ ಆಗುವುದಿಲ್ಲ.

ಆಮೇಲೆ ನಾನು ಮಾಡಿದ್ದು ತಪ್ಪು. ಹಿಂದಿನ ವರ್ಷ ನೆಗಡಿಗೆ ತಂದಿದ್ದ ಟೆಟ್ರಾಸೈಕ್ಲಿನ್ ಪುಡಿ ಮನೆಯಲ್ಲಿ ಉಳಿದಿತ್ತು. ಅದನ್ನೇ ಅಂದಾಜಿನಲ್ಲಿ ಒಂದು ಚಿಟಿಕೆ ನೀರಿಗೆ ಹಾಕಿದೆ. ಶಕ್ತಿ ಬರಲಿ ಅಂತ ಬಿ ಕಾಂಪ್ಲೆಕ್ಸ್ ಹನಿಯನ್ನೂ ಸೇರಿಸಿದೆ. ಒಂದು ಇಡೀ ದಿನ ಹಾಗೇ ಹೋಯಿತು. ಸಂಜೆ ಹೊತ್ತಿಗೆ ಇನ್ನೆರಡು ಮರಿಗಳು ಮೂಲೆ ಸೇರಿದ್ದವು.

ಮರುದಿನ ಬೆಳಿಗ್ಗೆಯ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಅದನ್ನು ಉಪ್ಪು ನೀರಿನಲ್ಲಿ ಕದಡಿ, ಸೋಸಿ, ಸ್ವಲ್ಪ ಹೊತ್ತು ಬಿಟ್ಟರು. ಗಟ್ಟಿ ಉಪ್ಪು ನೀರಿನಲ್ಲಿ ರೋಗಾಣುವಿನ ಮೊಟ್ಟೆಗಳು ಮೇಲೆ ತೇಲುತ್ತವಂತೆ. ಮೇಲಿನ ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, "ಬನ್ನಿ ಅಮ್ಮ, ನೀವೇ ನೋಡಿ" ಅಂದರು. ಉದ್ದಿನ ಕಾಳಿನ ಹಾಗೆ ದುಂಡು ದುಂಡಗೆ, ತೆಳು ಅಂಚಿನ ಚುಕ್ಕೆಗಳು. ಒಂದಲ್ಲ ಎರಡಲ್ಲ, ತುಂಬಾ ಇದ್ದವು.

ಅದು ಕಾಕ್ಸಿಡಿಯೋಸಿಸ್. ನಮ್ಮ ಕಡೆ ರಕ್ತಭೇದಿ ಅನ್ನುವುದು ಇದನ್ನೇ. ಐಮೀರಿಯಾ ಅನ್ನುವ ಒಂದೇ ಕೋಶದ ಜೀವಿ ಕರುಳಿನ ಗೋಡೆಯೊಳಗೆ ಹೊಕ್ಕು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಹೊರಗೆ ಬರುವಾಗ ಕರುಳನ್ನು ಹರಿದುಕೊಂಡೇ ಬರುತ್ತದೆ, ರಕ್ತ ಬರುವುದು ಅದಕ್ಕೆ. ಇದು ಬ್ಯಾಕ್ಟೀರಿಯಾ ಅಲ್ಲ. ನಾನು ಹಾಕಿದ ಟೆಟ್ರಾಸೈಕ್ಲಿನ್ ಅದನ್ನು ತಡೆಯುವ ಔಷಧಿಯೇ ಅಲ್ಲ.

ಡಾಕ್ಟರು ಬರೆದುಕೊಟ್ಟದ್ದು ಆಂಪ್ರೋಲಿಯಂ, 20 ಪರ್ಸೆಂಟಿನ ನೀರಿನಲ್ಲಿ ಕರಗುವ ಪುಡಿ. ಇದು ಕೆಲಸ ಮಾಡುವ ರೀತಿ ಕೇಳಿ ನನಗೆ ಆಶ್ಚರ್ಯ ಆಯಿತು. ಆ ಜೀವಿ ಬೆಳೆಯಲು ವಿಟಮಿನ್ ಬಿ1, ಅಂದರೆ ಥಯಾಮಿನ್ ಬೇಕು. ಆಂಪ್ರೋಲಿಯಂ ನೋಡಲು ಥಯಾಮಿನ್ ಥರವೇ ಇರುತ್ತದೆ. ಅದು ದಾರಿಗೆ ಅಡ್ಡ ನಿಂತು ನಿಜವಾದ ಥಯಾಮಿನ್ ಒಳಗೆ ಹೋಗದಂತೆ ತಡೆಯುತ್ತದೆ. ಜೀವಿ ಹಸಿದು ಸೊರಗುತ್ತದೆ. ಅಂದಮೇಲೆ ಇದರ ಜೊತೆ ಬಿ ಕಾಂಪ್ಲೆಕ್ಸ್ ಕೊಟ್ಟರೆ? ರೋಗಕ್ಕೇ ಊಟ ಹಾಕಿದ ಹಾಗೆ. ನಾನು ಹಿಂದಿನ ದಿನ ಮಾಡಿದ್ದು ಅದನ್ನೇ. ವಿಟಮಿನ್ ಏನಿದ್ದರೂ ಔಷಧಿ ಮುಗಿದ ಮೇಲೆ ಎಂದರು. ತೌಡಿನಲ್ಲೂ ಬಿ1 ಜಾಸ್ತಿ ಅಲ್ವಾ, ಅದಕ್ಕೆ ಅಷ್ಟು ದಿನ ತೌಡನ್ನೂ ನಿಲ್ಲಿಸಿದೆ. ಅದನ್ನು ಡಾಕ್ಟರು ಹೇಳಿರಲಿಲ್ಲ, ನನ್ನ ಸಮಾಧಾನಕ್ಕೆ ಮಾಡಿದ್ದು.

ಅಳತೆ ಹೀಗಿತ್ತು: ಮೊದಲ ಐದು ದಿನ ಒಂದು ಲೀಟರ್ ನೀರಿಗೆ 1.2 ಗ್ರಾಂ ಪುಡಿ. ಆಮೇಲೆ ಒಂದು ವಾರ ಲೀಟರಿಗೆ 0.3 ಗ್ರಾಂ. ಚಮಚದಲ್ಲಿ ಇದು ಸಿಗುವುದಿಲ್ಲ. ಚಿನ್ನ ತೂಗುವಂಥ ಸಣ್ಣ ಜೇಬಿನ ತಕ್ಕಡಿ ತರಿಸಿದೆ. 0.3 ಗ್ರಾಂ ತೂಗಲು ಕೈ ನಡುಗಿದರೆ ಸುಲಭದ ದಾರಿ ಇದೆ. ನಾಲ್ಕು ಲೀಟರಿಗೆ 1.2 ಗ್ರಾಂ ಹಾಕಿ ಕಲಸಿದರೆ ಅದೇ ಅಳತೆ. ನೀವು ತರುವ ಪುಡಿ 20 ಪರ್ಸೆಂಟಿನದೇ ಅಂತ ಪ್ಯಾಕೆಟ್ಟಿನ ಮೇಲೆ ಓದಿಕೊಳ್ಳಿ. ಅದು ಬೇರೆ ಇದ್ದರೆ ನನ್ನ ಲೆಕ್ಕ ನಿಮಗೆ ಆಗುವುದಿಲ್ಲ. ನೀರನ್ನು ದಿನಾ ಹೊಸದಾಗಿ ಕಲಸುತ್ತಿದ್ದೆ, ಹಳೆಯದನ್ನು ಚೆಲ್ಲುತ್ತಿದ್ದೆ. ಹನ್ನೊಂದಕ್ಕೂ ಅದೇ ನೀರು. ಒಂದೇ ಒಡ್ಡಿಯಲ್ಲಿ ಮೇದ ಮೇಲೆ ಎಲ್ಲದರ ಹೊಟ್ಟೆಗೂ ಹೋಗಿರುತ್ತದೆ.

ನಿಜವಾದ ಕಷ್ಟ ಶುರುವಾದದ್ದು ಇಲ್ಲಿ. ಔಷಧಿ ಇರುವುದು ನೀರಿನಲ್ಲಿ, ಮಳೆಗಾಲದಲ್ಲಿ ಕೋಳಿಗೆ ನೀರು ಎಲ್ಲಿಲ್ಲ? ಅಂಗಳದ ಗುಂಡಿ, ತೋಟದ ಕಾಲುವೆ, ಬಕೆಟ್ಟಿನ ಕೆಳಗಿನ ತಟ್ಟೆ. ಹೊರಗೆ ಬಿಟ್ಟರೆ ಔಷಧಿಯ ನೀರನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಐದು ದಿನ ಎಲ್ಲವನ್ನೂ ಒಳಗೇ ಕೂಡಿಹಾಕಿದೆ. ಗಲಾಟೆ ಸಹಿಸಿಕೊಂಡೆ.

ಕೆಂಚಿಯೋ ನೀರನ್ನೇ ಮುಟ್ಟುತ್ತಿರಲಿಲ್ಲ. ಅವಳನ್ನು ಮಂಕರಿಯಲ್ಲಿ ಗೋಣಿ ಹಾಸಿ ಬಚ್ಚಲು ಒಲೆಯ ಹತ್ತಿರ ಇಟ್ಟೆ. ಕಾಯಿಲೆ ಕೋಳಿಗೆ ಮೊದಲು ಬೇಕಾದದ್ದು ಬಿಸುಪು. ಸೂಜಿ ತೆಗೆದ 5 ಎಂ.ಎಲ್. ಸಿರಿಂಜಿನಲ್ಲಿ ಅದೇ ಔಷಧಿಯ ನೀರನ್ನು ಕುಡಿಸಿದೆ. ಬಾಯಿ ಅಗಲಿಸಿ ಒಳಗೆ ಸುರಿಯಬಾರದು. ಕೋಳಿಯ ನಾಲಿಗೆಯ ಹಿಂದೆಯೇ ಉಸಿರಿನ ತೂತು ಇದೆ, ಅದು ತೆರೆದು ಮುಚ್ಚುವುದು ಕಣ್ಣಿಗೇ ಕಾಣುತ್ತದೆ. ನೀರು ಅಲ್ಲಿಗೆ ಹೋದರೆ ಔಷಧಿಯೇ ಕೊಲ್ಲುತ್ತದೆ. ಟವೆಲ್ಲಿನಲ್ಲಿ ರೆಕ್ಕೆ ಸೇರಿಸಿ ಸುತ್ತಿ, ಮಡಿಲಲ್ಲಿ ಕೂರಿಸಿಕೊಂಡು, ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ಬಿಡುತ್ತಿದ್ದೆ. ಹನಿ ತಾನೇ ಒಳಗೆ ಜಾರುತ್ತದೆ, ಅವಳು ಕೊಕ್ಕು ಚಪ್ಪರಿಸಿ ನುಂಗುತ್ತಾಳೆ. ನುಂಗಿದ ಮೇಲೆಯೇ ಮುಂದಿನ ಹನಿ. ಒಂದು ಸಿರಿಂಜ್ ಮುಗಿಸಲು ಹತ್ತು ನಿಮಿಷ. ಹಗಲೆಲ್ಲ ಗಂಟೆಗೊಮ್ಮೆ.

ರಾತ್ರಿ ಮಲಗುವ ಮೊದಲು ಕತ್ತಿನ ಬುಡದ ಕಾಳಿನ ಚೀಲ ಮುಟ್ಟಿ ನೋಡುತ್ತಿದ್ದೆ. ಮೊದಲ ಎರಡು ರಾತ್ರಿ ಖಾಲಿ ಬಲೂನಿನ ಹಾಗೆ ಇತ್ತು. ಎದೆ ಮೂಳೆ ಚಾಕುವಿನ ಬೆನ್ನಿನ ಹಾಗೆ ಕೈಗೆ ಸಿಗುತ್ತಿತ್ತು. ಎರಡನೇ ದಿನ ಮೂಲೆ ಸೇರಿದ್ದ ಆ ಮರಿಗಳಲ್ಲಿ ಒಂದು ಸತ್ತಿತು. ಅದಕ್ಕೆ ಔಷಧಿ ಶುರುಮಾಡಿದ್ದು ತಡವಾಗಿತ್ತು. ನಾನು ಕಳೆದ ಆ ಒಂದು ದಿನದ ನೆನಪು ಈಗಲೂ ಚುಚ್ಚುತ್ತದೆ.

ಮೂರನೇ ದಿನ ಹಾಳೆಯ ಮೇಲೆ ರಕ್ತ ಕಾಣಲಿಲ್ಲ, ಬರೀ ಲೋಳೆ. ನಾಲ್ಕನೇ ದಿನ ಮಧ್ಯಾಹ್ನ ನುಚ್ಚಿನ ಗಂಜಿ ಮುಂದಿಟ್ಟಾಗ ಎರಡು ಸಲ ಕುಕ್ಕಿದಳು. ಮೂರನೇ ಸಲ ಕುಕ್ಕಲಿಲ್ಲ, ಆದರೂ ಅತ್ತೆಯನ್ನು ಕೂಗಿ ಕರೆದೆ. ಅವತ್ತು ರಾತ್ರಿ ಚೀಲದಲ್ಲಿ ನೆಲ್ಲಿಕಾಯಿಯಷ್ಟು ಉಂಡೆ ಇತ್ತು.

ಔಷಧಿಯಷ್ಟೇ ಮುಖ್ಯ ಗೂಡಿನ ನೆಲ. ಹಿಕ್ಕೆಯಲ್ಲಿ ಹೊರಬಿದ್ದ ಮೊಟ್ಟೆಗಳು ಆ ಕ್ಷಣಕ್ಕೆ ರೋಗ ಹರಡುವುದಿಲ್ಲ. ಒದ್ದೆ ಮತ್ತು ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇದ್ದು ಮಾಗಬೇಕು. ಅಂದರೆ ದಿನಾ ಹಿಕ್ಕೆ ತೆಗೆದರೆ ಅವು ಮಾಗುವ ಮೊದಲೇ ಹೊರಗೆ ಹಾಕಿದ ಹಾಗಾಯಿತು. ನಮ್ಮ ಒಡ್ಡಿಯಲ್ಲಿ ಹಾಸಿದ್ದ ಭತ್ತದ ಹೊಟ್ಟು ನೀರಿನ ಪಾತ್ರೆಯ ಸುತ್ತ ಮುದ್ದೆಯಾಗಿತ್ತು. ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟುತ್ತಿತ್ತು. ತಪ್ಪಿದ್ದೇ ಅಲ್ಲಿ. ಎಲ್ಲ ಬಾಚಿ ದೂರದಲ್ಲಿ ಹೂತೆ. ಬ್ಲೀಚಿಂಗ್ ಪುಡಿಗೆ ಈ ಮೊಟ್ಟೆ ಜಗ್ಗುವುದಿಲ್ಲ. ಕುದಿಯುವ ನೀರು ಹೊಯ್ದು, ಒಣಗಿಸಿ, ಸುಣ್ಣ ಎರಚಿ, ಹೊಸ ಹೊಟ್ಟು ಹಾಕಿದೆ. ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟೆ. ಆಗ ಅದರೊಳಗೆ ಹಿಕ್ಕೆ ಬೀಳುವುದಿಲ್ಲ.

ಹನ್ನೆರಡು ದಿನದ ಔಷಧಿ ಮುಗಿದ ಮೇಲೆ ಮೂರು ದಿನ ಬಿ ಕಾಂಪ್ಲೆಕ್ಸ್ ಕೊಟ್ಟೆ. ತಾಯಿಕೋಳಿಯ ಮೊಟ್ಟೆ ಯಾವಾಗಿಂದ ತಿನ್ನಬಹುದು ಅಂತ ಡಾಕ್ಟರನ್ನು ಕೇಳಿಕೊಂಡೇ ತಿಂದೆವು. ನೀವೂ ಕೇಳಿ, ಔಷಧಿ ಬೇರೆಯಾದರೆ ಲೆಕ್ಕವೂ ಬೇರೆ. ಒಂದೇ ಸಲ ಹಲವು ಕೋಳಿ ಸತ್ತರೆ, ಮುಖ ಊದಿ ಜುಟ್ಟು ನೀಲಿಯಾದರೆ ಮಾತ್ರ ಮನೆಯಲ್ಲಿ ಏನನ್ನೂ ಮಾಡಲು ಹೋಗಬೇಡಿ. ಅದು ಹಕ್ಕಿ ಜ್ವರವೂ ಇರಬಹುದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.

ಅಕ್ಟೋಬರಿನಲ್ಲಿ ಕೆಂಚಿ ಮೊದಲ ಮೊಟ್ಟೆ ಇಟ್ಟಳು. ಸಣ್ಣದು, ಚಿಪ್ಪಿನ ಮೇಲೆ ಒಂದು ಎಳೆ ರಕ್ತ. ನನ್ನ ಎದೆ ಧಸಕ್ ಅಂತು. ಹಾಳೆ ತಂದು ಅವಳನ್ನು ಅದರ ಮೇಲೆ ಬಿಟ್ಟು ಕಾದೆ. ಹಿಕ್ಕೆ ಗಟ್ಟಿಯಾಗಿತ್ತು, ತುದಿ ಬೆಳ್ಳಗಿತ್ತು. ಅತ್ತೆ ನೋಡಿ, "ಮೊದಲ ಮೊಟ್ಟೆಗೆ ಹಾಗೇ ಇರುತ್ತೆ ಕಣೆ, ಬಿಡು ಅವಳನ್ನ" ಅಂದರು.